ಗಾಳಿ ಫ್ಯಾನು, ತಪ್ಪಿದ ಮಳೆ, ಹುಬ್ಬಳ್ಳಿ ಧೂಳು: ಯಾವುದಕ್ಕೆ ಯಾವುದು ಕಾರಣ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕು, ಕಪ್ಪತಗುಡ್ಡದ ಬುಡದ ಊರು. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನುಗಳಿವೆ. ನಾನಿರೋದು ಹುಬ್ಬಳ್ಳಿಯಲ್ಲಿ, ಹೊಲ ನೋಡಿಕೊಳ್ಳೋದು ಅಪ್ಪ. ಊರಿಗೆ ಹೋದಾಗಲೆಲ್ಲ ಕಟ್ಟೆ ಮೇಲೆ ಒಂದೇ ಚರ್ಚೆ. ಅಪ್ಪ ಅಂತಾರೆ, "ಗುಡ್ಡದ ಮ್ಯಾಲೆ ಫ್ಯಾನ್ ನಿಂತ ಮ್ಯಾಲೆ ಮಳಿ ಹೋತು. ಮೋಡ ಬರ್ತಾವು, ಅವು ತಿರುಗಿ ತಿರುಗಿ ಓಡಿಸಿಬಿಡ್ತಾವು." ಕಾಕಾ ಅಂತಾರೆ, "ಬರ ನಮ್ಮ ಅಜ್ಜನ ಕಾಲಕ್ಕೂ ಇತ್ತು. ಹವಾಮಾನ ಬದಲಾವಣೆ ಅನ್ನೂದೆಲ್ಲ ಟಿವಿಯವರ ಮಾತು." ಕಾಲೇಜು ಓದುವ ಮಗಳ ಪ್ರಕಾರ ತಪ್ಪಿದ ಮಳೆಯಿಂದ ಹಿಡಿದು ಹುಬ್ಬಳ್ಳಿಯ ಧೂಳಿನವರೆಗೆ ಎಲ್ಲವೂ ಕ್ಲೈಮೇಟ್ ಚೇಂಜ್. ಯಾರ ಮಾತು ಸರಿ? ಗಿಡ ಹಚ್ಚಿದರೆ ಮಳೆ ಬರುತ್ತಾ? ನಮ್ಮ ಹೊಲದಲ್ಲಿ ನಾವು ಮಾಡಬಹುದಾದ್ದು ಏನಾದರೂ ಇದೆಯಾ?

ಉತ್ತರ: ಮೂವರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಕಂಡದ್ದಕ್ಕೆ ಹುಡುಕಿದ ಕಾರಣ ಮಾತ್ರ ಅಲ್ಲಲ್ಲಿ ಎಡವಿದೆ. ನಮ್ಮ ಕಡೆ "ಹವಾ ಕೆಟ್ಟೈತಿ" ಅಂದುಬಿಟ್ಟರೆ ಅದರಲ್ಲಿ ನಾಲ್ಕು ಬೇರೆ ಬೇರೆ ಸಂಗತಿ ಸೇರಿಕೊಂಡಿರುತ್ತವೆ. ವರ್ಷದಿಂದ ವರ್ಷಕ್ಕೆ ಮಳೆಯಲ್ಲಿ ಸಹಜವಾಗಿ ಆಗುವ ಏರುಪೇರು ಒಂದು. ಇಡೀ ಭೂಮಿ ಬಿಸಿಯಾಗುತ್ತಿರುವುದು ಇನ್ನೊಂದು. ಊರಿನ ಹೊಗೆ, ಧೂಳು ಮೂರನೆಯದು. ನಾವೇ ಬದಲಿಸಿಕೊಂಡ ಬೆಳೆ ಮತ್ತು ನೆಲ ನಾಲ್ಕನೆಯದು. ಇವನ್ನು ಬಿಡಿಸಿ ನೋಡದಿದ್ದರೆ ಒಬ್ಬರ ತಪ್ಪಿಗೆ ಇನ್ನೊಬ್ಬರನ್ನು ಬೈಯುತ್ತಾ ಕೂರುತ್ತೇವೆ. ಪಾಪದ ಫ್ಯಾನು ಬೈಸಿಕೊಳ್ಳುತ್ತಿರುವುದೂ ಹೀಗೇ.

ಫ್ಯಾನಿನ ವಿಷಯವನ್ನೇ ಮೊದಲು ನೋಡೋಣ. ಗದಗ ಜಿಲ್ಲೆಯಲ್ಲಿ ಇದು ದೊಡ್ಡ ನಂಬಿಕೆ, ಸುಮ್ನೆ ನಕ್ಕು ತಳ್ಳಿಹಾಕುವಂಥದ್ದಲ್ಲ. ಅಪ್ಪ ಹೇಳುವ ದೃಶ್ಯ ನಿಜ. ಜುಲೈ ತಿಂಗಳಲ್ಲಿ ಗುಡ್ಡದ ಕಡೆ ಮುಖ ಮಾಡಿ ನಿಂತು ನೋಡಿ. ಪಶ್ಚಿಮದಿಂದ ಬೂದು ಮೋಡ ಸಾಲು ಸಾಲಾಗಿ ಬರುತ್ತವೆ, ಕೈಗೆ ಸಿಗುತ್ತವೇನೋ ಅನ್ನುವಷ್ಟು ಕೆಳಗೆ. ಫ್ಯಾನು ಜೋರಾಗಿ ತಿರುಗುತ್ತಿರುತ್ತವೆ. ಮೋಡ ನಿಲ್ಲುವುದಿಲ್ಲ. ನಾಲ್ಕು ಹನಿ ಉದುರಿಸಿ ಪೂರ್ವಕ್ಕೆ ಓಡಿಬಿಡುತ್ತವೆ. ಹೊಲದಲ್ಲಿ ನಿಂತು ದಿನಾ ಇದನ್ನೇ ನೋಡಿದವರಿಗೆ ಫ್ಯಾನೇ ಓಡಿಸಿತು ಅನ್ನಿಸದೆ ಇನ್ನೇನು ಅನ್ನಿಸಬೇಕು?

ಆದರೆ ಗುಡ್ಡದ ಮೇಲಿರುವುದು ಗಾಳಿ ಬೀಸುವ ಯಂತ್ರ ಅಲ್ಲ. ಮನೆಯ ಫ್ಯಾನು ಕರೆಂಟು ತಗೊಂಡು ಗಾಳಿ ಕೊಡುತ್ತದೆ, ಇದು ಗಾಳಿ ತಗೊಂಡು ಕರೆಂಟು ಕೊಡುತ್ತದೆ. ಬಂದ ಗಾಳಿಯ ಬಲದಲ್ಲಿ ಒಂದಿಷ್ಟನ್ನು ರೆಕ್ಕೆ ಹಿಡಿದುಕೊಳ್ಳುವುದರಿಂದ ಫ್ಯಾನಿನ ಹಿಂದೆ ಗಾಳಿ ನಿಧಾನವಾಗುತ್ತದೆ, ಜೋರಾಗುವುದಿಲ್ಲ. ಮೋಡಕ್ಕೆ ಅದು ತಾಗುವುದೂ ಇಲ್ಲ. ರೆಕ್ಕೆಯ ತುದಿ ನೆಲದಿಂದ ಹೆಚ್ಚೆಂದರೆ 150–200 ಮೀಟರ್ ಎತ್ತರಕ್ಕೆ ಹೋಗುತ್ತದೆ, ಹಳೆಯ ಫ್ಯಾನುಗಳದ್ದು ಇನ್ನೂ ಕಡಿಮೆ. ನಿಜವಾಗಿ ಸುರಿಯುವ ಮೋಡದ ತಳವೇ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ತಲೆ ಹತ್ತು-ಹದಿನೈದು ಕಿಲೋಮೀಟರ್ ಎತ್ತರದವರೆಗೂ ಹೋಗಬಹುದು. ಮುಂಗಾರಿನ ಗಾಳಿ ಅನ್ನುವುದು ಅರಬ್ಬೀ ಸಮುದ್ರದಿಂದ ಬಂಗಾಳ ಕೊಲ್ಲಿಯವರೆಗೆ ಹರಿಯುವ, ಹಲವು ಕಿಲೋಮೀಟರ್ ದಪ್ಪದ ಹೊಳೆ. ಅದರ ತಳದಲ್ಲಿ ನಿಂತ ಒಂದಿಷ್ಟು ಕಂಬಗಳಿಗೆ ಅದನ್ನು ತಿರುಗಿಸುವ ತಾಕತ್ತಿಲ್ಲ.

ಹಾಗಾದರೆ ಮೋಡ ಯಾಕೆ ಸುರಿಯದೆ ಓಡುತ್ತದೆ? ಇದಕ್ಕೆ ಉತ್ತರ ಸಿಗುವುದು ಪಶ್ಚಿಮ ಘಟ್ಟದಲ್ಲಿ. ಸಮುದ್ರದ ಹಸಿಗಾಳಿ ಘಟ್ಟ ಹತ್ತುವಾಗ ತಣ್ಣಗಾಗುತ್ತದೆ, ಹೊತ್ತು ತಂದ ನೀರನ್ನು ಅಲ್ಲೇ ಇಳಿಸುತ್ತದೆ. ಕ್ಯಾಸಲ್‌ರಾಕ್, ಲೋಂಡಾ ಕಡೆ ಮಳೆಗಾಲದಲ್ಲಿ ಹೋದವರಿಗೆ ಅದೇನು ಅಂತ ಗೊತ್ತು. ಘಟ್ಟ ದಾಟಿ ನಮ್ಮ ಬಯಲಿಗೆ ಇಳಿಯುವ ಗಾಳಿ ಬಿಸಿಯಾಗುತ್ತದೆ, ಮೋಡ ತೆಳ್ಳಗಾಗುತ್ತದೆ. ಅಳ್ನಾವರ, ಕಲಘಟಗಿಯಲ್ಲಿ ಭತ್ತ ಬೆಳೆಯುವಷ್ಟು ಮಳೆ. ಧಾರವಾಡಕ್ಕೆ ಬರುವಷ್ಟರಲ್ಲಿ ಅದು ವರ್ಷಕ್ಕೆ 700–800 ಮಿ.ಮೀ.ಗೆ ಇಳಿಯುತ್ತದೆ. ಗದಗಕ್ಕೆ ಉಳಿಯುವುದು 600ರ ಆಸುಪಾಸು. ಎರಡು ತಾಸಿನ ದಾರಿಯಲ್ಲಿ ಇಷ್ಟು ವ್ಯತ್ಯಾಸ. ನೀರು ಅಲ್ಲಿ ಖಾಲಿಯಾಯಿತು, ಗಾಳಿ ಮಾತ್ರ ಮುಂದೆ ಬಂತು. ಆ ಗಾಳಿ ಹುಡುಕಿಕೊಂಡೇ ಕಂಪನಿಗಳು ಕಪ್ಪತಗುಡ್ಡದ ಕಡೆ ಬಂದದ್ದು. ಅಂದರೆ ಫ್ಯಾನು ಇರುವಲ್ಲಿ ಮಳೆ ಕಡಿಮೆ ಅನ್ನುವ ಲೆಕ್ಕ ಸರಿ, ಆದರೆ ಮಳೆ ಕಡಿಮೆಯಾದದ್ದು ಫ್ಯಾನಿನಿಂದ ಅಲ್ಲ. ಎರಡಕ್ಕೂ ಘಟ್ಟವೇ ಕಾರಣ.

ಗದಗ ಸೀಮೆಯಲ್ಲಿ ಕೆರೆ ತುಂಬಿಸುವ ಮಳೆ ಜುಲೈನ ಓಡುವ ಮೋಡದ್ದಲ್ಲ ಅನ್ನೋದನ್ನೂ ನೆನಪಿಡಿ. ಅದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನ ಗುಡುಗಿನ ಮಳೆ. ಮಧ್ಯಾಹ್ನ ಸೆಕೆ, ಗಾಳಿ ಬಿದ್ದುಹೋಗಿರುತ್ತದೆ, ಸಂಜೆ ಪೂರ್ವದಲ್ಲೋ ದಕ್ಷಿಣದಲ್ಲೋ ಕರಿ ಮೋಡ ಏಳುತ್ತದೆ. ಆ ಹೊತ್ತಿಗೆ ಫ್ಯಾನು ಸುಮಾರು ಸಲ ಸುಮ್ಮನೆ ನಿಂತಿರುತ್ತವೆ. ಇದೂ ಅಪ್ಪನ ಅನುಮಾನಕ್ಕೆ ಇಂಬು ಕೊಟ್ಟಿರಬೇಕು: ನಿಂತಾಗ ಮಳೆ, ತಿರುಗಿದಾಗ ಇಲ್ಲ. ನಿಂತದ್ದು ಗಾಳಿ ಇಲ್ಲದ್ದಕ್ಕೆ.

ಕಾಲದ ಲೆಕ್ಕವೂ ಗೊಂದಲ ಹೆಚ್ಚಿಸಿತು. 2001, 2002, 2003 ಮೂರೂ ವರ್ಷ ರಾಜ್ಯಕ್ಕೆ ಸಾಲುಬರ. ಗುಡ್ಡದ ಮೇಲೆ ಫ್ಯಾನುಗಳ ಸಾಲು ಬೆಳೆದದ್ದೂ ಹೆಚ್ಚುಕಡಿಮೆ ಆ ಕಾಲದಿಂದೀಚೆಗೆ. ಎರಡೂ ಒಟ್ಟಿಗೆ ನೆನಪಿನಲ್ಲಿ ಕೂತವು. ಆದರೆ 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕ ಮುಳುಗುವ ಹಾಗೆ ಮಳೆ ಸುರಿಯಿತಲ್ವಾ? ಆಗಲೂ ಫ್ಯಾನು ಇದ್ದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗಲೂ ಇದ್ದವು. ಓಡಿಸುವ ಶಕ್ತಿ ಇದ್ದರೆ ಆ ಮೋಡಗಳನ್ನು ಓಡಿಸಬೇಕಿತ್ತು.

ಹಾಗಂತ ಫ್ಯಾನು ಪೂರ್ತಿ ನಿರಪರಾಧಿ ಅಂತಲೂ ನಾನು ಹೇಳುವುದಿಲ್ಲ. ಗುಡ್ಡದ ನೆತ್ತಿಗೆ ಯಂತ್ರ ಸಾಗಿಸಲು ರಸ್ತೆ ಕಡಿದರೆ ಹುಲ್ಲು, ಕಂಟಿ ಹೋಗುತ್ತದೆ. ಮಣ್ಣು ಸಡಿಲವಾಗಿ ಮಳೆ ನೀರಿನ ಜೊತೆ ಹಳ್ಳಕ್ಕೆ ಇಳಿಯುತ್ತದೆ. ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ, 2019ರಲ್ಲಿ ವನ್ಯಜೀವಿಧಾಮವೂ ಆಯಿತು. ಅಲ್ಲಿ ರಸ್ತೆ ಎಲ್ಲಿ ಕಡಿಯಬೇಕು, ಎಲ್ಲಿ ಕೂಡದು ಅಂತ ಕೇಳುವ ಹಕ್ಕು ಊರಿನವರಿಗೆ ಇದೆ. ಮೋಡದ ಜಗಳ ಬಿಟ್ಟು ಆ ಜಗಳ ಮಾಡಿದರೆ ಉಪಯೋಗ.

ಇನ್ನು ಕಾಕಾ ಅವರ ಮಾತು. ಬರ ಮೊದಲೂ ಇತ್ತು ಅನ್ನೋದು ನೂರಕ್ಕೆ ನೂರು ಸತ್ಯ. 1876–78ರ ಧಾತು ಈಶ್ವರ ಬರ ಧಾರವಾಡ, ವಿಜಯಪುರ ಸೀಮೆಯನ್ನು ಹಿಂಡಿಹಾಕಿತ್ತು. ಅದಕ್ಕೂ ಹಿಂದೆ 1790ರ ದಶಕದ ಸುಮಾರಿಗೆ ಡೋಗಿ ಬರ ಬಂದಿತ್ತು. ಆಗ ಮೋಟಾರು ಗಾಡಿಯೇ ಇರಲಿಲ್ಲ, ಕಾರ್ಖಾನೆಯ ಹೊಗೆಯೂ ಈಗಿನಷ್ಟು ಇರಲಿಲ್ಲ. ಪೆಸಿಫಿಕ್ ಸಮುದ್ರದ ಮೇಲ್ಮೈ ಬಿಸಿಯಾಗುವ ಎಲ್ ನಿನೊ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವುದು ಹಳೆಯ ಕಥೆ. ಒಂದು ವರ್ಷದ ಬರವನ್ನೋ ಒಂದು ವರ್ಷದ ನೆರೆಯನ್ನೋ ತೋರಿಸಿ "ನೋಡಿ, ಹವಾಮಾನ ಬದಲಾಯಿತು" ಅನ್ನುವವರ ಮೇಲೆ ನನಗೂ ಸಿಟ್ಟಿದೆ. ಮುಂಗಾರು ಬೇಗ ಬಂದರೂ ಸುದ್ದಿ, ತಡವಾದರೂ ಸುದ್ದಿ. 2009ರಲ್ಲಿ ಮುಂಗಾರು ಮೇ 23ಕ್ಕೇ ಕೇರಳಕ್ಕೆ ಬಂತು, ಆದರೆ ಆ ವರ್ಷ ದೇಶಕ್ಕೆ ಬಿದ್ದದ್ದು ವಾಡಿಕೆಗಿಂತ ಶೇ. 22ರಷ್ಟು ಕಡಿಮೆ ಮಳೆ. 2025ರಲ್ಲಿ ಮೇ 24ಕ್ಕೆ ಬಂತು, ಆ ವರ್ಷ ವಾಡಿಕೆಗಿಂತ ಜಾಸ್ತಿಯೇ ಸುರಿಯಿತು. ಮೊದಲ ಹನಿ ಬಿದ್ದ ದಿನ ನೋಡಿ ಹಂಗಾಮು ಹೇಳೋಕೆ ಆಗಲ್ಲ.

ಹವಾಮಾನ ಬದಲಾಗಿದೆಯಾ ಅಂತ ಹೇಳಬೇಕಾದರೆ ಕನಿಷ್ಠ 30 ವರ್ಷದ ಸರಾಸರಿ ಹಿಡಿದು ಹೋಲಿಸಬೇಕು. ಹಾಗೆ ಹೋಲಿಸಿದಾಗ ಕಾಕಾ ಅವರ ಮಾತಿನ ಎರಡನೇ ಅರ್ಧ ನಿಲ್ಲುವುದಿಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಾರ್ಖಾನೆಗಳ ಕಾಲಕ್ಕೆ ಮುಂಚೆ ಹತ್ತು ಲಕ್ಷಕ್ಕೆ 280 ಪಾಲು ಇತ್ತು, ಈಗ 420 ದಾಟಿದೆ. ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. ಅದೇನು ಮಹಾ, ಬೆಳಿಗ್ಗೆ ಮಧ್ಯಾಹ್ನದ ನಡುವೆಯೇ 12 ಡಿಗ್ರಿ ಹೆಚ್ಚುಕಡಿಮೆ ಆಗುತ್ತದಲ್ಲ ಅಂತ ಕೇಳುತ್ತಾರೆ. ಮುಖ್ಯವಾದ ವಿಷಯ ಇಲ್ಲಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಿನ ಆವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಹೆಚ್ಚು ಆವಿ ಹಿಡಿದುಕೊಳ್ಳುವ ಗಾಳಿ ನೆಲದಿಂದ, ಬೆಳೆಯಿಂದ ಹೆಚ್ಚು ನೀರು ಹೀರುತ್ತದೆ. ಸುರಿಯುವ ಅವಕಾಶ ಸಿಕ್ಕಾಗ ಒಮ್ಮೆಲೇ ಸುರಿಯುತ್ತದೆ. ಅಂದರೆ ಒಣಗುವುದೂ ಬೇಗ, ಸುರಿಯುವುದೂ ಜೋರು. ದೇಶದ ದಾಖಲೆಯೂ ಇದನ್ನೇ ಹೇಳುತ್ತದೆ. 1951–80ಕ್ಕೆ ಹೋಲಿಸಿದರೆ 1981–2011ರಲ್ಲಿ ಮಳೆಗಾಲದ ನಡುವಿನ ಒಣ ಅವಧಿಗಳು ಶೇ. 27ರಷ್ಟು ಹೆಚ್ಚಾಗಿವೆ.

ಹಾಗಾಗಿ "ಮಳೆ ಕಡಿಮೆ ಆಗಿದೆಯಾ" ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ನಮ್ಮ ಭಾಗದಲ್ಲಿ ಕೆಟ್ಟಿರುವುದು ಮಳೆಯ ಮೊತ್ತಕ್ಕಿಂತ ಮಳೆಯ ಹದ. ಒಂದು ಲೆಕ್ಕ ನೋಡಿ. ಒಂದು ತಿಂಗಳಲ್ಲಿ 12 ಮಿ.ಮೀ.ನ ಎಂಟು ಮಳೆ ಬಿದ್ದರೆ 96 ಮಿ.ಮೀ. ಇನ್ನೊಂದು ವರ್ಷ ಅದೇ ತಿಂಗಳಲ್ಲಿ 80ರ ಒಂದು ಮಳೆ, 8ರ ಎರಡು ಮಳೆ ಬಿದ್ದರೂ 96. ರಿಜಿಸ್ಟರಿನಲ್ಲಿ ಎರಡೂ ಒಂದೇ, "ವಾಡಿಕೆ ಮಳೆ". ಬೆಳೆಗೆ ಮಾತ್ರ ಎರಡನೆಯದು ಹತ್ತು ದಿನದ ಊಟವನ್ನು ಒಂದೇ ಹೊತ್ತಿಗೆ ಬಡಿಸಿದ ಹಾಗೆ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಏನಾಗುತ್ತದೆ ನೋಡಿ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿಗೆ ಮೊದಲ ನೀರು ಗಟಗಟ ಇಳಿಯುತ್ತದೆ. ಆಮೇಲೆ ಎರಿ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಅಲ್ಲಿಂದ ಮುಂದೆ ಬಿದ್ದ ಮಳೆ ಇಂಗುವುದಿಲ್ಲ, ಮೇಲ್ಮಣ್ಣು ಹೊತ್ತುಕೊಂಡು ಹರಿಯುತ್ತದೆ. ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಕಡೆ ಬೆಣ್ಣೆಹಳ್ಳ ಒಂದೇ ರಾತ್ರಿಗೆ ಉಕ್ಕಿ ಹೊಲ ಕೊಚ್ಚುವುದಕ್ಕೆ ಈ ಮಣ್ಣಿನ ಗುಣವೂ ಒಂದು ಕಾರಣ. ಹದಿನೈದು ದಿನ ಬಿಟ್ಟು ಅದೇ ಹೊಲಕ್ಕೆ ಹೋದರೆ ಮೇಲೆ ಮತ್ತೆ ಬಿರುಕು.

2023 ಇದಕ್ಕೆ ತಕ್ಕ ಉದಾಹರಣೆ. ಜೂನ್ ಕೈಕೊಟ್ಟಿತು, ಜುಲೈನಲ್ಲಿ ಚೆನ್ನಾಗಿ ಸುರಿಯಿತು, ಆಗಸ್ಟ್ ಮತ್ತೆ ಒಣಗಿತು. ದೇಶದ ಮಟ್ಟಿಗೆ ಅದು 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆ ವರ್ಷ ಎಲ್ ನಿನೊ ಕೂಡ ಇತ್ತು. ಬರಕ್ಕೆ ಕಾರಣ ಎಲ್ ನಿನೊ, ಬರದ ಬಿಸಿ ಹೆಚ್ಚಿಸಿದ್ದು ಭೂಮಿಯ ಬಿಸಿ. ಕಾಕಾ ಹೇಳುವುದು ಮೊದಲನೆಯದನ್ನು, ಮಗಳು ಹೇಳುವುದು ಎರಡನೆಯದನ್ನು. ಜಗಳ ಆಡುವ ಅಗತ್ಯವೇ ಇಲ್ಲ.

ಹಿರಿಯರು ನಕ್ಷತ್ರದ ಮಳೆ ಲೆಕ್ಕ ಹಿಡಿದು "ಮೃಗಶಿರಾ ಕೈಕೊಡ್ತು, ಆರಿದ್ರಾ ಆಗಲಿಲ್ಲ" ಅನ್ನುತ್ತಾರೆ. ಪಂಚಾಂಗವೇ ಹಿಂದೆ ಬಿದ್ದಿದೆ ಅಂತ ವಾದಿಸುವವರೂ ಇದ್ದಾರೆ. ಹಿಂದೆ ಬೀಳುವುದು ನಿಜ. ಆದರೆ ನಕ್ಷತ್ರದ ತಾರೀಖು ಋತುವಿಗೆ ಹೋಲಿಸಿದರೆ ಒಂದು ದಿನ ಸರಿಯಲು ಸುಮಾರು 72 ವರ್ಷ ಬೇಕು. ನಿಮ್ಮ ಅಜ್ಜನಿಂದ ನಿಮ್ಮವರೆಗೆ ಒಂದು, ಒಂದೂವರೆ ದಿನದ ಲೆಕ್ಕ. ಮಳೆ ಮೂರು ವಾರ ತಪ್ಪುವುದಕ್ಕೆ ಪಂಚಾಂಗವನ್ನು ದೂರುವಂತಿಲ್ಲ. ಇಲಾಖೆಯ ಲೆಕ್ಕದಲ್ಲಿ ಮಾತ್ರ ಸರಿದಾಟ ಕಂಡಿದೆ. ಭಾರತೀಯ ಹವಾಮಾನ ಇಲಾಖೆ 2020ರಲ್ಲಿ ಮುಂಗಾರಿನ ವಾಡಿಕೆ ತಾರೀಖುಗಳನ್ನು ತಿದ್ದಿತು. ಕೇರಳಕ್ಕೆ ಬರುವ ದಿನ ಜೂನ್ 1 ಹಾಗೇ ಉಳಿಯಿತು. ಹಿಂದಕ್ಕೆ ಹೊರಡುವ ದಿನ, ಅಂದರೆ ರಾಜಸ್ಥಾನದ ಕಡೆಯಿಂದ ಕಾಲು ತೆಗೆಯುವ ದಿನ, ಸೆಪ್ಟೆಂಬರ್ 1ರಿಂದ 17ಕ್ಕೆ ಹೋಯಿತು.

"ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು" ಅಂತ ಗಾದೆ ಇದೆಯಲ್ಲ. ಮಘೆ ಬರುವುದು ಆಗಸ್ಟಿನ ಕೊನೆಯ ಹದಿನೈದು ದಿನ. ಹಿಂಗಾರಿ ಬಿಳಿಜೋಳ, ಕಡಲೆ ನೆಚ್ಚಿಕೊಂಡವನಿಗೆ ಆ ಮಳೆ ಬಂಗಾರ. ನೆಲದಲ್ಲಿ ಹಸಿ ಸೇರುತ್ತದೆ, ಸೆಪ್ಟೆಂಬರಿನಿಂದ ಬಿತ್ತಬಹುದು. ಆದರೆ ಈಗ ಗದಗ, ಧಾರವಾಡದ ಎಷ್ಟೋ ಹೊಲದಲ್ಲಿ ಮುಂಗಾರಿಗೆ ಹೆಸರುಕಾಳು ಬಿತ್ತುತ್ತಾರೆ. ಜೂನ್ ಮೊದಲಲ್ಲಿ ಬಿತ್ತಿದ ಹೆಸರು 65–70 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಸರಿಯಾಗಿ ಮಘೆ ಹೊತ್ತಿಗೆ. ಕಾಯಿ ಒಣಗಿ ನಿಂತಾಗ ಮೂರು ದಿನ ಜಿಟಿಜಿಟಿ ಹಿಡಿದರೆ ಬುಡ್ಡಿಯೊಳಗೇ ಕಾಳು ಮೊಳಕೆ ಒಡೆಯುತ್ತದೆ, ಬಿಡಿಸಿ ನೋಡಿದರೆ ಬಿಳಿ ಬಾಲ. ಮಳೆ ಅದೇ, ದಿನವೂ ಅದೇ, ಬದಲಾದದ್ದು ಬೆಳೆ. ಹಾವೇರಿ ಕಡೆ ಜೋಳದ ಹೊಲಗಳಿಗೆ ಗೋವಿನಜೋಳ (ಮೆಕ್ಕೆಜೋಳ) ಬಂದದ್ದೂ ಇಂಥದ್ದೇ. ಬಿಳಿಜೋಳ ನೀರಿಲ್ಲದೆ ಹಲ್ಲುಕಚ್ಚಿ ನಿಲ್ಲುತ್ತದೆ. ಗೋವಿನಜೋಳ ಸೂಲಂಗಿ ಬಿಡುವಾಗ ಹತ್ತು ದಿನ ಹಸಿ ಇಲ್ಲದಿದ್ದರೆ ತೆನೆ ತುಂಬುವುದಿಲ್ಲ. ಹವೆ ಕೆಟ್ಟಿತು ಅನ್ನುವ ನಮ್ಮ ದೂರಿನಲ್ಲಿ ಒಂದು ಪಾಲು ಹೀಗೆ ನಾಜೂಕಿನ ಬೆಳೆ ಹಿಡಿದ ನಮ್ಮದೂ ಹೌದು. ದರ ಸಿಗುತ್ತದೆ ಅಂತ ಹಿಡಿದದ್ದು, ರೈತನನ್ನು ಬೈಯುವ ಹಾಗೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಕಣದಲ್ಲಿ ಒಣಗುವಾಗ ಬರುವ ಅಡ್ಡ ಮಳೆ, ಧಾರವಾಡದ ಆಪೂಸು ಹೂ ಬಿಟ್ಟಾಗ ಕವಿಯುವ ಮೋಡ, ಅದರ ಹಿಂದೆಯೇ ಬರುವ ಜಿಗಿಹುಳ ಮತ್ತು ಬೂದಿರೋಗ, ಇವೂ ಇದೇ ಸಾಲಿನವು.

ಈಗ ಮಗಳ ಮಾತಿಗೆ ಬರೋಣ. ಮಳೆಯ ಬಗ್ಗೆ ಅವಳು ಹೇಳುವುದರಲ್ಲಿ ಹುರುಳಿದೆ, ಧೂಳಿನ ಬಗ್ಗೆ ಇಲ್ಲ. ಹುಬ್ಬಳ್ಳಿಯ ಧೂಳು ಹುಬ್ಬಳ್ಳಿಯದ್ದೇ. ಇಂಗಾಲದ ಡೈಆಕ್ಸೈಡ್ ಎಲ್ಲಿ ಬಿಟ್ಟರೂ ಇಡೀ ಭೂಮಿಗೆ ಹಂಚಿಹೋಗುತ್ತದೆ, ಅದರಲ್ಲಿ ಒಂದು ಪಾಲು ನೂರಾರು ವರ್ಷ ಉಳಿಯುತ್ತದೆ. ಧೂಳು ಹಾಗಲ್ಲ. ಎದ್ದ ಜಾಗದ ಹತ್ತಿರವೇ ಸುತ್ತಾಡುತ್ತದೆ, ಒಂದು ಒಳ್ಳೆ ಮಳೆ ಬಿದ್ದರೆ ಕೂರುತ್ತದೆ. ಮೊದಲನೆಯದನ್ನು ಹುಬ್ಬಳ್ಳಿ ಒಂದೇ ಸರಿಮಾಡಲಾರದು. ಎರಡನೆಯದನ್ನು ಹುಬ್ಬಳ್ಳಿಯೇ ಸರಿಮಾಡಬೇಕು, ದೆಹಲಿಯವರು ಬಂದು ಮಾಡಲ್ಲ. ಎಲ್ಲವನ್ನೂ ಕ್ಲೈಮೇಟ್ ಚೇಂಜ್ ಅಂದುಬಿಟ್ಟರೆ ರಸ್ತೆ ಅಗೆದು ಮಣ್ಣು ಬಿಟ್ಟುಹೋದವರು ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ.

ಗಾಳಿಯ ಗುಣಮಟ್ಟಕ್ಕೆ ದೇಶದಲ್ಲಿ ಒಂದು ಅಳತೆ ಇದೆ. 10 ಮೈಕ್ರಾನ್‌ಗಿಂತ ಸಣ್ಣ ಕಣಗಳು ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆರಿಸಿದ ನಾಲ್ಕು ಊರುಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಉಳಿದವು ಬೆಂಗಳೂರು, ದಾವಣಗೆರೆ, ಕಲಬುರಗಿ. ಬೆಂಗಳೂರಿನ ಸಾಲಿನಲ್ಲಿ ನಿಂತೆವು ಅಂತ ಹೆಮ್ಮೆಪಡುವ ಪಟ್ಟಿ ಇದಲ್ಲ.

ಧೂಳು ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಯಂತ್ರ ಬೇಡ. ಪೈಪಿಗೋ ಕೇಬಲ್ಲಿಗೋ ಅಗೆದು ಮುಚ್ಚಿದ ಯಾವುದಾದರೂ ರಸ್ತೆಯ ಅಂಚಿನಲ್ಲಿ ಅರ್ಧ ತಾಸು ನಿಲ್ಲಿ. ಮೇಲೆ ಬಿಟ್ಟ ಎರಿ ಮಣ್ಣು ಮಳೆಗೆ ರಾಡಿಯಾಗಿ ಟೈರಿಗೆ ಅಂಟುತ್ತದೆ. ಲಾರಿ ಅದನ್ನು ಅರ್ಧ ಕಿಲೋಮೀಟರ್ ಡಾಂಬರಿನ ಮೇಲೆ ಹಚ್ಚಿಕೊಂಡು ಹೋಗುತ್ತದೆ. ಎರಡು ದಿನದ ಬಿಸಿಲಿಗೆ ಅದು ಒಣಗುತ್ತದೆ, ಗಾಡಿಗಳ ಕೆಳಗೆ ಹಿಟ್ಟಾಗುತ್ತದೆ. ಆಮೇಲೆ ಪ್ರತಿ ಬಸ್ಸಿನ ಹಿಂದೆ ಒಂದು ಮೋಡ. ಬೆಳಿಗ್ಗೆ ಒಣ ಪೊರಕೆಯಲ್ಲಿ ಗುಡಿಸಿದಾಗ ಕೂತಿದ್ದೂ ಏಳುತ್ತದೆ. ಅದನ್ನು ಮೊದಲು ಕುಡಿಯುವುದು ಗುಡಿಸುವವರೇ. ಇದರ ಮೇಲೆ ಕಟ್ಟಡದ ಕೆಲಸ, ತಾಡಪಾಲು ಮುಚ್ಚದ ಉಸುಕಿನ ಟಿಪ್ಪರ್, ಖಾಲಿ ಸೈಟಿನಲ್ಲಿ ಸುಡುವ ಕಸ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಆಗ ಹೊಗೆ ಮೇಲೇಳದೆ ಓಣಿಯಲ್ಲೇ ಹರಡಿಕೊಳ್ಳುತ್ತದೆ. ಉಣಕಲ್ ಕೆರೆ ದಂಡೆಗೆ ವಾಕಿಂಗ್ ಹೋಗುವವರು ಚಳಿಗಾಲದಲ್ಲಿ ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ಹೋಗುವುದು ವಾಸಿ, ಅದರಲ್ಲೂ ಉಬ್ಬಸ ಇರುವವರು.

ಒಂದು ವಿಚಿತ್ರ ಇದೆ, ಮಗಳಿಗೆ ಇಷ್ಟವಾಗಬಹುದು. ಗಾಳಿಯಲ್ಲಿರುವ ಸಣ್ಣ ಕಣಗಳಲ್ಲಿ ಬಹುಪಾಲು ಬಿಸಿಲನ್ನು ಹಿಂದಕ್ಕೆ ತಳ್ಳುತ್ತವೆ. ಭೂಮಿಯ ಬಿಸಿಯಲ್ಲಿ ಒಂದು ಪಾಲನ್ನು ಈ ಕೊಳೆಯೇ ಮರೆಮಾಡಿದೆ. ಮಸಿಯ ಕಣ ಮಾತ್ರ ಉಲ್ಟಾ, ಅದು ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ. ಅಂದರೆ ಮಾಲಿನ್ಯ ಮತ್ತು ಹವಾಮಾನ ಬದಲಾವಣೆಗೆ ನಂಟು ಇದೆ, ಆದರೆ ಅವಳು ಅಂದುಕೊಂಡಷ್ಟು ನೇರವಾದದ್ದಲ್ಲ. ಗಾಳಿ ಶುಚಿ ಮಾಡಬೇಕಾದದ್ದು ನಮ್ಮ ಪುಪ್ಪುಸಕ್ಕಾಗಿ, ಅಷ್ಟು ಕಾರಣ ಸಾಕು.

ಗಿಡ ಹಚ್ಚಿದರೆ ಮಳೆ ಬರುತ್ತಾ ಅಂತ ಕೇಳಿದ್ದೀರಿ. ಅಮೆಜಾನಿನಂಥ ಸಾವಿರಾರು ಕಿಲೋಮೀಟರಿನ ಕಾಡು ತನ್ನ ಮಳೆಯಲ್ಲಿ ಒಂದಿಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ಊರ ಗೋಮಾಳದಲ್ಲಿ ಸಾವಿರ ಗಿಡ ಹಚ್ಚಿದರೆ ಮೋಡ ಬಂದು ನಿಲ್ಲುವುದಿಲ್ಲ. ಇದನ್ನು ವನಮಹೋತ್ಸವದ ವೇದಿಕೆ ಮೇಲೆ ಹೇಳಿದರೆ ಬೇಜಾರಾಗುತ್ತಾರೆ. ಆದರೂ ಹಚ್ಚಿ. ಗಿಡ ನೆರಳು ಕೊಡುತ್ತದೆ, ಮಣ್ಣು ಹಿಡಿಯುತ್ತದೆ, ಬಿದ್ದ ಮಳೆಯನ್ನು ಇಂಗಿಸುತ್ತದೆ. ಹುಬ್ಬಳ್ಳಿ-ಧಾರವಾಡ ನಡುವಿನ ರಸ್ತೆ ಅಗಲ ಮಾಡುವಾಗ ಸಾಲುಮರ ಹೋದ ಮೇಲೆ ಬೇಸಿಗೆಯ ಮಧ್ಯಾಹ್ನ ಅಲ್ಲಿ ನಡೆಯುವುದು ಹೇಗಿದೆ ಅಂತ ನಿಮಗೇ ಗೊತ್ತು. ಕಾಂಕ್ರೀಟು, ಡಾಂಬರು ಹಗಲೆಲ್ಲ ಬಿಸಿ ಕುಡಿದು ರಾತ್ರಿ ಉಗುಳುತ್ತವೆ. ರಾತ್ರಿ ಹತ್ತಕ್ಕೂ ಗೋಡೆ ಕಾದಿರುವುದಕ್ಕೆ ಅದು ಕಾರಣ. ಆ ಬಿಸಿ ಪೂರ್ತಿ ಸ್ಥಳೀಯ, ಮರದ ನೆರಳಿಗೆ ಬಗ್ಗುತ್ತದೆ.

ಇನ್ನು ಹೊಲದಲ್ಲಿ ಏನು ಮಾಡಬಹುದು ಅನ್ನೋದು. ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿತ್ತು ಅಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಬಿತ್ತು ಅಂತ ಅರ್ಥ. ಅದರಲ್ಲಿ ಎಷ್ಟು ಹೊಲದಲ್ಲಿ ಉಳಿಯಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎರಿ ಹೊಲದಲ್ಲಿ ಹಿಂಗಾರಿ ಮಾತ್ರ ಬೆಳೆಯುವುದಾದರೆ ಜುಲೈನಲ್ಲಿ ಚೌಕುಮಡಿ ಹಾಕಿ. ಹೊಲವನ್ನು ಚಿಕ್ಕ ಚೌಕಗಳಾಗಿ ಸಣ್ಣ ಬದು ಎಳೆದು ಬಿದ್ದ ನೀರು ಬಿದ್ದಲ್ಲೇ ನಿಲ್ಲುವ ಹಾಗೆ ಮಾಡಿ, ಬಿತ್ತುವ ಮುಂಚೆ ಸಮ ಮಾಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಹಳ ವರ್ಷದಿಂದ ಹೇಳಿಕೊಂಡು ಬಂದ ಕೆಲಸ ಇದು. ಖರ್ಚು ಕಡಿಮೆ, ಒಣ ವರ್ಷದಲ್ಲೇ ಲಾಭ ಹೆಚ್ಚು ಕಾಣುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲವಿದ್ದರೆ ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಹೆಸರಿನ ಜೊತೆ ನಡುನಡುವೆ ತೊಗರಿಯನ್ನು ಅಕ್ಕಡಿ ಸಾಲಾಗಿ ಹಾಕಿ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಮೊದಲ ಮಳೆಗೇ ಬಿತ್ತುವ ಅವಸರ ಬೇಡ. ಹಸಿ ಒಂದು ಗೇಣು ಇಳಿದಿದೆಯಾ ಅಂತ ಅಗೆದು ನೋಡಿ. ಅಡ್ಡ ಮಳೆಗೆ ಬಿತ್ತಿ, ಮುಂದೆ ಹದಿನೈದು ದಿನ ಒಣಗಿಸಿಕೊಂಡು, ಎರಡನೇ ಸಲ ಬೀಜ ಗೊಬ್ಬರ ತರುವುದು ನಮ್ಮ ಕಡೆ ಪ್ರತಿ ವರ್ಷದ ಗೋಳು.

ಅಪ್ಪನಿಂದ ಒಂದು ಮಳೆ ವಹಿ ಶುರುಮಾಡಿಸಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸರ್ಕಾರದ ಮಳೆ ಮಾಪಕ ಇದೆ, ಆದರೆ ಗುಡುಗಿನ ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲ ಬಿಡುತ್ತದೆ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿ ಸಾಕು. ಕತ್ತು ಸಣ್ಣ ಇರುವ ಬಾಟಲಿ ಬೇಡ, ಲೆಕ್ಕ ತಪ್ಪುತ್ತದೆ. ಗಿಡ, ಗೋಡೆಯಿಂದ ದೂರ, ಅದರ ಎತ್ತರದ ಎರಡರಷ್ಟಾದರೂ ಆಚೆ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ಮಿ.ಮೀ. ಬರೆದು ಚೆಲ್ಲಿ. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಮುಟ್ಟಿದರೆ ಅದು ಮಳೆ ದಿನ. ತಿಂಗಳ ಮೊತ್ತಕ್ಕಿಂತ ಮುಖ್ಯವಾಗಿ ಮಳೆ ದಿನ ಎಷ್ಟು, ಎರಡು ಮಳೆಯ ನಡುವೆ ಎಷ್ಟು ದಿನದ ಗ್ಯಾಪು ಅಂತ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಸಾಲು ಬಿಡಿ: ಅವತ್ತು ಫ್ಯಾನು ತಿರುಗುತ್ತಿತ್ತಾ ಇಲ್ಲವಾ. ನಾನು ಹೇಳಿದ್ದನ್ನು ನಂಬಬೇಕಿಲ್ಲ, ಅವರೇ ನೋಡಲಿ.

ಮುನ್ಸೂಚನೆಗೆ ಮೇಘದೂತ್ ಆ್ಯಪ್ ಇದೆ, ಜಿಲ್ಲೆವಾರು ಐದು ದಿನದ ಹವೆ ಮತ್ತು ಬೆಳೆ ಸಲಹೆ ಕನ್ನಡದಲ್ಲೂ ಸಿಗುತ್ತದೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಹೊಸದು ಬರುತ್ತದೆ. ನಾಳೆ, ನಾಡಿದ್ದಿನದು ಸಾಕಷ್ಟು ನಂಬಬಹುದು, ಐದನೇ ದಿನದ್ದು ಅಂದಾಜು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ದಾಮಿನಿ ಆ್ಯಪ್ ಹಾಕಿಕೊಡಿ, ಹತ್ತಿರದಲ್ಲಿ ಸಿಡಿಲಿದ್ದರೆ ಎಚ್ಚರಿಸುತ್ತದೆ. ಮೋಡ ಕಟ್ಟಿದಾಗ ಗಿಡದ ಕೆಳಗೆ ನಿಲ್ಲಬೇಡಿ ಅಂತ ಅಪ್ಪನಿಗೂ, ಕುರಿ ಕಾಯುವವರಿಗೂ ಹೇಳಿ.

ಕೊನೆಗೆ ಬೆಳೆ ವಿಮೆ. ಎಷ್ಟೋ ಜನ ಕಂತು ಕಟ್ಟುತ್ತಾರೆ, ಹಾನಿಯಾದಾಗ ಸುಮ್ಮನಾಗುತ್ತಾರೆ. ಬರದಂಥ ದೊಡ್ಡ ನಷ್ಟದ ಲೆಕ್ಕ ಪಂಚಾಯಿತಿ ಮಟ್ಟದಲ್ಲಿ ಆಗುತ್ತದೆ, ಅದಕ್ಕೆ ನೀವು ಅರ್ಜಿ ಹಾಕಬೇಕಿಲ್ಲ. ಆದರೆ ಆಲಿಕಲ್ಲು ಬಿದ್ದರೆ, ಹೊಲ ಜಲಾವೃತವಾದರೆ 72 ತಾಸಿನೊಳಗೆ ವಿಮಾ ಕಂಪನಿಗೋ, ಬ್ಯಾಂಕಿಗೋ, ಕೃಷಿ ಇಲಾಖೆಗೋ ತಿಳಿಸಲೇಬೇಕು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ ಅಕಾಲ ಮಳೆಗೆ ಹಾಳಾದರೂ ಕೊಯ್ದ ದಿನದಿಂದ 14 ದಿನದವರೆಗೆ ರಕ್ಷಣೆ ಇದೆ, ಅದಕ್ಕೂ ಅದೇ 72 ತಾಸಿನ ನಿಯಮ. ಯಾವ ಬೆಳೆಗೆ ಅನ್ವಯ ಅನ್ನೋದನ್ನು ಕಂತು ಕಟ್ಟುವಾಗಲೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ನೀರು ಇಳಿಯುವ ಮುಂಚೆ ಫೋಟೊ ತೆಗೆಯಿರಿ, ತಾರೀಖು ಕಾಣುವ ಹಾಗೆ.